ಸಿಡ್ನಿಯೋ ಮೆಲ್ಬರ್ನೋ: ಗಾಡಿ ಎಲ್ಲಿ ಚೆನ್ನ, ಪೇಟೆ ಎಲ್ಲಿ ಚೆನ್ನ?

ಎರಡೂರಿನವಳು:
ಕಳೆದ ಶನಿವಾರ ಸ್ನೇಹಿತರೊಬ್ಬರ ಮನೆಯ ಊಟದಲ್ಲಿ ಎದ್ದ ವಾದ ಕೈತೊಳೆದ ಮೇಲೂ ಮುಗಿಯಲಿಲ್ಲವಾದ್ದರಿಂದ ಅದನ್ನು ಇಲ್ಲಿಗೆ ತಂದಿದ್ದೇನೆ. ನಾನು ಒಂಬತ್ತು ವರ್ಷ ಮೆಲ್ಬರ್ನ್‌ನಲ್ಲಿದ್ದವಳು, ಈಗ ನಾಲ್ಕು ವರ್ಷಗಳಿಂದ ಸಿಡ್ನಿಯಲ್ಲಿದ್ದೇನೆ. ಈ ಎರಡು ಊರುಗಳ ಜಿದ್ದು ಇಂದು ನಿನ್ನೆಯದಲ್ಲ. ರಾಜಧಾನಿ ಯಾವುದಾಗಬೇಕೆಂಬ ಜಗಳ ತೀರದೆ ಕ್ಯಾನ್‌ಬೆರಾ ಎಂಬ ಮೂರನೆಯ ಊರನ್ನೇ ಕಟ್ಟಬೇಕಾಯಿತು, ಅದು ಸಿದ್ಧವಾಗುವ ತನಕ, ಅಂದರೆ 1901ರಿಂದ 1927ರವರೆಗೆ, ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರುತ್ತಿತ್ತು. ಹಾಗಾಗಿ ಯಾವ ಊರು ಮೇಲು ಎಂದು ಕೇಳಿ ಯಾರ ತಾಳ್ಮೆಯನ್ನೂ ಪರೀಕ್ಷಿಸುವುದಿಲ್ಲ.

ನನ್ನ ಗೊಂದಲ ಬೇರೆಯದು. ಸಿಡ್ನಿಯ ರೈಲು ಮೆಲ್ಬರ್ನ್‌ನ ಟ್ರಾಮಿಗಿಂತ ಎಷ್ಟೋ ಪಾಲು ಚುರುಕು, ಹತ್ತುವವರೂ ಹೆಚ್ಚು. ಆದರೂ ಮಂಗಳವಾರದ ರಾತ್ರಿ ಒಂಬತ್ತೂವರೆಗೆ ಮೆಲ್ಬರ್ನ್‌ನ ಹಾರ್ಡ್‌ವೇರ್ ಲೇನ್‌ನಲ್ಲಿ ಮೇಜುಗಳ ನಡುವೆ ಮೈ ಓರೆ ಮಾಡಿಕೊಂಡು ದಾಟಬೇಕಾಗುತ್ತದೆ, ಅದೇ ಹೊತ್ತಿಗೆ ಸಿಡ್ನಿಯ ಪಿಟ್ ಸ್ಟ್ರೀಟಿನ ಉತ್ತರದ ತುದಿಯಲ್ಲಿ ನಡೆದರೆ ಕಚೇರಿಗಳ ಗಾಜಿನ ಹಿಂದೆ ಕುಳಿತ ಕಾವಲುಗಾರರನ್ನು ಬಿಟ್ಟು ಬೇರೆ ಮನುಷ್ಯರು ಕಾಣುವುದು ಅಪರೂಪ. ಸಾರಿಗೆ ಚೆನ್ನಾಗಿದ್ದರೆ ಪೇಟೆ ತಾನಾಗಿಯೇ ಕಳೆಗಟ್ಟುತ್ತದೆ ಎಂದು ಓದಿದ್ದೆವಲ್ಲ? ಅದು ನಿಜವಾದರೆ ನನ್ನ ಕಣ್ಣಿಗೆ ಕಂಡದ್ದು ತಿರುವುಮುರುವಾಗಿರಬೇಕಿತ್ತು. ಎರಡೂ ಊರುಗಳನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಹಳಿಪ್ರಿಯ:
ನೀವು ಕಂಡದ್ದು ಸುಳ್ಳೆಂದು ಹೇಳಲಾರೆ, ಆದರೆ ಸಾರಿಗೆಯ ಮಟ್ಟಿಗೆ ಇದು ಹೋಲಿಕೆಯೇ ಅಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡು ಮುಂದುವರಿಯೋಣ. 2024ರ ಆಗಸ್ಟ್ 19ರಂದು ಚ್ಯಾಟ್ಸ್‌ವುಡ್‌ನಿಂದ ಸಿಡನ್‌ಹ್ಯಾಮ್‌ವರೆಗಿನ ಮೆಟ್ರೊ ಶುರುವಾದ ದಿನ ನಾನು ಬೆಳಗಿನ ಗಾಡಿಯಲ್ಲಿದ್ದೆ. ವಿಕ್ಟೋರಿಯಾ ಕ್ರಾಸ್‌ನಲ್ಲಿ ಬಾಗಿಲು ಮುಚ್ಚಿ ಮೂರು ನಿಮಿಷದೊಳಗೆ ಬಂದರಿನ ನೀರಿನಡಿ ಹಾದು ಬ್ಯಾರಂಗರೂವಿನಲ್ಲಿ ತೆರೆಯಿತು. ಚಾಲಕನಿಲ್ಲ, ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ಬಾಗಿಲುಗಳಿವೆ, ದಟ್ಟಣೆಯ ಹೊತ್ತಿನಲ್ಲಿ ನಾಲ್ಕು ನಿಮಿಷಕ್ಕೊಂದು ಗಾಡಿ ಬರುತ್ತದೆ. ವೇಳಾಪಟ್ಟಿ ನೋಡುವ ಅಭ್ಯಾಸವನ್ನೇ ಜನ ಬಿಟ್ಟಿದ್ದಾರೆ.

ಹಳೆಯ ಜಾಲವೂ ಹಗುರವಾದದ್ದಲ್ಲ. ಬ್ರ್ಯಾಡ್‌ಫೀಲ್ಡ್ ಎಂಬ ಎಂಜಿನಿಯರರ ಯೋಜನೆಯಂತೆ ಸೇಂಟ್ ಜೇಮ್ಸ್ ಮತ್ತು ಮ್ಯೂಸಿಯಂ ನಿಲ್ದಾಣಗಳು ನೆಲದಡಿ ತೆರೆದದ್ದು 1926ರಲ್ಲಿ, ಮೆಲ್ಬರ್ನ್‌ಗೆ ನೆಲದಡಿಯ ವರ್ತುಲ ರೈಲು ಬರಲು 1981ರವರೆಗೆ ಕಾಯಬೇಕಾಯಿತು. ವಿಮಾನ ನಿಲ್ದಾಣಕ್ಕೆ ಸಿಡ್ನಿಯಲ್ಲಿ 2000ದ ಒಲಿಂಪಿಕ್ಸ್‌ಗೆ ಮುಂಚೆಯೇ ರೈಲು ಬಂದಿದೆ, ಅಲ್ಲಿನ ನಿಲ್ದಾಣ ಪ್ರವೇಶದ ಸುಂಕ ಹಗಲು ದರೋಡೆಯೆಂಬುದು ನಿಜವಾದರೂ ರೈಲಂತೂ ಇದೆ. ಮೆಲ್ಬರ್ನ್‌ನ ಟಲ್ಲಮರೀನ್‌ಗೆ ಇಂದಿಗೂ ಬಸ್ಸೇ ಗತಿ. ಇದರ ಮೇಲೆ ಸಿಡ್ನಿಗೆ ದೋಣಿಗಳಿವೆ: ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ಅರ್ಧ ಗಂಟೆ, ನಿತ್ಯ ಕೆಲಸಕ್ಕೆ ಹೋಗಿಬರುವವರು ಅದರಲ್ಲಿ ಪತ್ರಿಕೆ ಓದುತ್ತಾ ಕುಳಿತಿರುತ್ತಾರೆ.

ಮೆಲ್ಬರ್ನ್‌ನ ಟ್ರಾಮು ಗಂಟೆಗೆ ಸರಾಸರಿ ಸುಮಾರು 16 ಕಿಲೋಮೀಟರ್ ಓಡುತ್ತದೆ, ನಗರದ ನಡುವೆ ಅದಕ್ಕಿಂತಲೂ ನಿಧಾನ. ನೋಡಲು ಚಂದವೇ. ಆದರೆ ಕಚೇರಿಗೆ ಹೊತ್ತಾದವನ ಕಣ್ಣಿಗೆ ಆ ಚಂದ ಬೀಳುವುದಿಲ್ಲ.

ಗಲ್ಲಿಸುತ್ತ:
ಹಳಿಪ್ರಿಯರೇ, ಟ್ರಾಮು ನಿಧಾನವಾಗಿರುವುದು ಟ್ರಾಮಿನ ದೋಷದಿಂದಲ್ಲ. ಅದರ ಹಾದಿಯ ಮುಕ್ಕಾಲು ಪಾಲು ಕಾರುಗಳ ಜೊತೆ ಹಂಚಿಕೊಂಡ ರಸ್ತೆಯಾಗಿರುವುದರಿಂದ, ಬಲಕ್ಕೆ ತಿರುಗಲು ಕಾಯುವ ಒಂದೇ ಒಂದು ಕಾರು ನೂರೈವತ್ತು ಜನರ ಗಾಡಿಯನ್ನು ತಡೆದು ನಿಲ್ಲಿಸಬಲ್ಲದು. ನಗರಕೇಂದ್ರದಲ್ಲಿ ಇದಕ್ಕೆಂದೇ ‘ಹುಕ್ ಟರ್ನ್’ ಎಂಬ ವಿಚಿತ್ರ ನಿಯಮವಿದೆ. ಬಲಕ್ಕೆ ಹೋಗಬೇಕಾದ ಕಾರು ಎಡ ಅಂಚಿಗೆ ಸರಿದು, ಕೂಡುರಸ್ತೆಯೊಳಗೆ ನಿಂತು, ಅಡ್ಡರಸ್ತೆಯ ದೀಪ ಹಸಿರಾಗುವ ಹೊತ್ತಿಗೆ ಇಡೀ ರಸ್ತೆಯನ್ನು ಹಾಯ್ದು ಬಲಕ್ಕೆ ಹೊರಳಬೇಕು. ಹೊಸಬರು ಮೊದಲ ಸಲ ಅದನ್ನು ಮಾಡುವಾಗ ಅವರ ಮುಖ ನೋಡಬೇಕು. ಕಾರು ಕಷ್ಟಪಡಲಿ, ಟ್ರಾಮು ಹೋಗಲಿ ಎಂದು ಒಂದು ಊರು ತೀರ್ಮಾನಿಸಿದೆ ಎಂಬುದೇ ನನಗೆ ಮುಖ್ಯ.

ಇನ್ನು ಚರಿತ್ರೆ. ಸಿಡ್ನಿಯ ಟ್ರಾಮು ಜಾಲ ಒಂದು ಕಾಲಕ್ಕೆ ಮೆಲ್ಬರ್ನ್‌ನದಕ್ಕಿಂತ ದೊಡ್ಡದಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ವರ್ಷ ಅದರಲ್ಲಿ ನಲವತ್ತು ಕೋಟಿಗೂ ಮಿಕ್ಕಿ ಪ್ರಯಾಣಗಳು ನಡೆದಿದ್ದವು. ಕಾರು ಮತ್ತು ಬಸ್ಸುಗಳೇ ಭವಿಷ್ಯವೆಂದು ನಂಬಿ ಅದನ್ನು ಕಿತ್ತುಹಾಕಿದರು, ಕೊನೆಯ ಟ್ರಾಮು ಓಡಿದ್ದು 1961ರ ಫೆಬ್ರವರಿ 25ರಂದು. ಹಾರ್ಬರ್ ಬ್ರಿಡ್ಜ್‌ನ ಮೇಲಿನ ಟ್ರಾಮಿನ ಹಾದಿ ಕಾರುಗಳ ಪಾಲಾಯಿತು. ಇಂದು ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಆಪರಾ ಹೌಸ್ ನಿಂತಿರುವ ಜಾಗದಲ್ಲಿ ಮೊದಲು ಇದ್ದದ್ದು ಟ್ರಾಮು ಡಿಪೊ.

ಅದೇ ವರ್ಷಗಳಲ್ಲಿ ಮೆಲ್ಬರ್ನ್‌ನ ಟ್ರಾಮು ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ರಾಬರ್ಟ್ ರಿಸನ್, ಟ್ರಾಮಿನ ಜಾಗದಲ್ಲಿ ಬಸ್ಸು ಓಡಿಸಿದರೆ ಜನ ಬಸ್ಸು ಹತ್ತುವುದಿಲ್ಲ, ಕಾರು ಕೊಳ್ಳುತ್ತಾರೆ ಎಂದು ಹಟ ಹಿಡಿದು ಕುಳಿತರು. ಕೀಳುವುದು ದುಬಾರಿಯಾಗಲಿ ಎಂದೇ ಹಳಿಗಳನ್ನು ಕಾಂಕ್ರೀಟಿನಲ್ಲಿ ಹೂತರೆಂದು ಅವರ ಬಗ್ಗೆ ಹೇಳುವುದುಂಟು. 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಭೂಮಾಪಕ ಮುಖ್ಯ ಬೀದಿಗಳನ್ನು ಮೂವತ್ತು ಮೀಟರ್ ಅಗಲಕ್ಕೆ ಗೆರೆ ಎಳೆದದ್ದೂ ಟ್ರಾಮನ್ನು ಕಾಪಾಡಿತು. ಸಿಡ್ನಿಯ ಇಕ್ಕಟ್ಟು ರಸ್ತೆಗಳಲ್ಲಿ ಟ್ರಾಮು ಕಾರಿಗೆ ಅಡ್ಡಿಯೆನಿಸಿತು, ಇಲ್ಲಿ ಎರಡಕ್ಕೂ ಜಾಗವಿತ್ತು. ಇಂದು ಸುಮಾರು 250 ಕಿಲೋಮೀಟರ್ ಉದ್ದದ ಈ ಜಾಲ ಜಗತ್ತಿನಲ್ಲೇ ದೊಡ್ಡದು.

ಎರಡೂರಿನವಳು ಅವರ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಟ್ರಾಮಿನಲ್ಲಿ ಕುಳಿತವನಿಗೆ ಅಂಗಡಿ ಕಾಣುತ್ತದೆ, ಗುರುತಿನವರು ಕಾಣುತ್ತಾರೆ, ಮನಸ್ಸಾದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಇನ್ನೂರು ಹೆಜ್ಜೆ ಹಿಂದಕ್ಕೆ ನಡೆಯುತ್ತಾನೆ. ನಿಮ್ಮ ಮೆಟ್ರೊದಲ್ಲಿ ಕುಳಿತವನಿಗೆ ಕಾಣುವುದು ಕತ್ತಲೆ ಮತ್ತು ತನ್ನದೇ ಪ್ರತಿಬಿಂಬ.

ಲೆಕ್ಕದವನು:
ಇಬ್ಬರೂ ತಮ್ಮ ಊರಿನ ಅತ್ಯುತ್ತಮ ಗಾಡಿಯನ್ನು ಎದುರೂರಿನ ಅತಿ ದುರ್ಬಲ ಗಾಡಿಯ ಪಕ್ಕದಲ್ಲಿ ನಿಲ್ಲಿಸಿ ತೂಗುತ್ತಿದ್ದೀರಿ. ಮೆಲ್ಬರ್ನ್‌ಗೂ ದೊಡ್ಡ ಉಪನಗರ ರೈಲು ಜಾಲವಿದೆ, ಸಿಡ್ನಿಗೂ 1997ರಿಂದ ಚಿಕ್ಕದೊಂದು ಲೈಟ್ ರೈಲು, ಅಂದರೆ ಹೊಸ ಬಗೆಯ ಟ್ರಾಮು, ಮರಳಿ ಬಂದಿದೆ. ಒಟ್ಟು ನೋಡಿದರೆ, 2016ರ ಜನಗಣತಿಯ ಪ್ರಕಾರ ಸಿಡ್ನಿಯಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಸಾರ್ವಜನಿಕ ಸಾರಿಗೆ ಬಳಸುತ್ತಿದ್ದರು, ಮೆಲ್ಬರ್ನ್‌ನಲ್ಲಿ ಸುಮಾರು ಐವರಲ್ಲೊಬ್ಬರು. 2021ರ ಗಣತಿ ಕೋವಿಡ್ ನಿರ್ಬಂಧಗಳ ನಡುವೆ ನಡೆದದ್ದರಿಂದ ಅದನ್ನು ಹೋಲಿಕೆಗೆ ತರುವುದು ಸರಿಯಲ್ಲ.

ಆದರೆ ಈ ಅಂಕಿಯಿಂದ ಪೇಟೆಯ ಸಂಜೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಅದು ಕೆಲಸಕ್ಕೆ ಹೋಗುವ ಪ್ರಯಾಣದ ಲೆಕ್ಕ. ಬೆಳಗ್ಗೆ ಎಂಟಕ್ಕೆ ಜನರನ್ನು ತಂದು ಸುರಿದು ಸಂಜೆ ಆರಕ್ಕೆ ಗುಡಿಸಿಕೊಂಡು ಹೋಗುವ ರೈಲು ಎಷ್ಟು ದಕ್ಷವಾಗಿದೆಯೋ ಪೇಟೆ ಅಷ್ಟು ಬೇಗ ಖಾಲಿಯಾಗುತ್ತದೆ ಎಂದು ಕೂಡ ವಾದಿಸಬಹುದು. ಮಾರ್ಟಿನ್ ಪ್ಲೇಸ್‌ನ ಸುತ್ತ ಬ್ಯಾಂಕುಗಳೂ ವಕೀಲರ ಕಚೇರಿಗಳೂ ಕಿಕ್ಕಿರಿದಿವೆ. ಅಲ್ಲಿನವರ ಮನೆಗಳು ದೂರದ ಉತ್ತರ ಮತ್ತು ಪಶ್ಚಿಮದ ಉಪನಗರಗಳಲ್ಲಿವೆ.

ದರದ ವಿಷಯವನ್ನು ಯಾರೂ ಎತ್ತಲಿಲ್ಲ. ಮೆಲ್ಬರ್ನ್‌ನಲ್ಲಿ ಒಮ್ಮೆ ಕಾರ್ಡು ಮುಟ್ಟಿಸಿದರೆ ಎರಡು ಗಂಟೆಯೊಳಗೆ ರೈಲು, ಟ್ರಾಮು, ಬಸ್ಸು ಯಾವುದನ್ನಾದರೂ ಎಷ್ಟು ಸಲವಾದರೂ ಹತ್ತಿ ಇಳಿಯಬಹುದು. ಸಿಡ್ನಿಯಲ್ಲಿ ದೂರಕ್ಕೂ ಗಾಡಿಯ ಬಗೆಗೂ ಬೇರೆ ಬೇರೆ ದರವಿದೆ, ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದವರಿಗೆ ಎರಡು ಡಾಲರ್ ರಿಯಾಯಿತಿ ಸಿಕ್ಕಿದ್ದೇ 2016ರಲ್ಲಿ. ದಾರಿಯಲ್ಲಿ ಇಳಿದು ಒಂದು ಕಾಫಿ ಕುಡಿದು ಮತ್ತೆ ಹತ್ತುವ ಚಪಲವನ್ನು ಒಂದು ಊರಿನ ಟಿಕೆಟ್ಟು ಪೋಷಿಸುತ್ತದೆ, ಇನ್ನೊಂದು ಊರಿನದು ಸುಮ್ಮನಿರು ಎನ್ನುತ್ತದೆ. ಕಾರ್ಡಿನ ವಿಷಯದಲ್ಲಿ ಮಾತ್ರ ಸಿಡ್ನಿ ಗೆದ್ದಿದೆ. ಅಲ್ಲಿ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿ ಹೋಗುವುದು ರೂಢಿಯಾಗಿ ವರ್ಷಗಳು ಕಳೆದರೂ ಮೆಲ್ಬರ್ನ್‌ನವರು ಮೈಕಿ ಕಾರ್ಡಿಗೆ ಹಣ ತುಂಬುತ್ತಲೇ ಇದ್ದರು.

ಹಳಿಪ್ರಿಯ:
ಪ್ರತಿಬಿಂಬದ ಮಾತಿಗೆ ನಗು ಬಂತು, ಒಪ್ಪಿಗೆ ಬರಲಿಲ್ಲ. ಮೂವತ್ತು ಕಿಲೋಮೀಟರ್ ದೂರದಲ್ಲಿ ಮನೆಯಿರುವವನಿಗೆ ಕಿಟಕಿಯ ನೋಟವೇ ಮುಖ್ಯವಾದರೆ ಅವನು ನಗರಕೇಂದ್ರಕ್ಕೆ ಬರುವುದೇ ಇಲ್ಲ. ಟ್ರಾಮು ಒಳಗಿನ ಉಪನಗರಗಳ ಉಳ್ಳವರ ಗಾಡಿ. ಮೆಲ್ಬರ್ನ್‌ನ ಹೊರವಲಯದಲ್ಲಿರುವವರಿಗೆ ಸಿಗುವುದು ನಲವತ್ತು ನಿಮಿಷಕ್ಕೊಂದು ಬಸ್ಸು.

ರಾತ್ರಿಪಾಳಿ:
ನಾನು ಶುಶ್ರೂಷಕಿ. ಎರಡೂ ಊರುಗಳ ಆಸ್ಪತ್ರೆಗಳಲ್ಲಿ ಪಾಳಿ ಮಾಡಿದ್ದೇನೆ, ಕಾರು ಇಟ್ಟುಕೊಂಡಿಲ್ಲ. ಹಗಲು ಹೊತ್ತಿನ ಸಾರಿಗೆಯನ್ನು ನೋಡಿ ರಾತ್ರಿಯ ಪೇಟೆಯನ್ನು ಅಳೆಯುತ್ತಿರುವ ನಿಮ್ಮೆಲ್ಲರ ಮಾತು ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತಿದೆ.

ಸಿಡ್ನಿಯಲ್ಲಿ 1989ರಿಂದಲೂ ನಡುರಾತ್ರಿಯ ನಂತರ ರೈಲಿನ ಬದಲು ‘ನೈಟ್‌ರೈಡ್’ ಬಸ್ಸುಗಳು ಓಡುತ್ತವೆ. ರೈಲಿಗೆ ಅರ್ಧ ಗಂಟೆಯ ದಾರಿಯಾದರೆ ಬಸ್ಸು ಪ್ರತಿ ನಿಲ್ದಾಣವನ್ನೂ ಸುತ್ತಿಕೊಂಡು ಗಂಟೆ ಮೀರಿಸುತ್ತದೆ. ಮೆಲ್ಬರ್ನ್‌ನಲ್ಲಿ 2016ರ ಹೊಸವರ್ಷದಿಂದ ಶುಕ್ರವಾರ ಮತ್ತು ಶನಿವಾರ ಇಡೀ ರಾತ್ರಿ ರೈಲುಗಳೂ ಆರು ಮಾರ್ಗಗಳಲ್ಲಿ ಟ್ರಾಮುಗಳೂ ಓಡತೊಡಗಿದವು. ಮೊದಲು ಪ್ರಯೋಗವೆಂದರು, ಮರುವರ್ಷ ಶಾಶ್ವತಗೊಳಿಸಿದರು. ಬೆಳಗಿನ ಜಾವ ಮೂರಕ್ಕೆ ಪಾಳಿ ಮುಗಿಸಿ ಟ್ರಾಮು ಹತ್ತಿದಾಗ, ಒಳಗೆ ಮುಂಗೈಗೆ ಕಾಗದದ ಪಟ್ಟಿ ಕಟ್ಟಿಕೊಂಡು ಕುಣಿದು ಬಂದ ಹುಡುಗರು, ಅವರ ನಡುವೆ ಅಡುಗೆಮನೆಯ ವಾಸನೆಯ ಬಟ್ಟೆಯಲ್ಲಿ ತೂಕಡಿಸುವ ಇಬ್ಬರು ಬಾಣಸಿಗರು, ಮೂಲೆಯಲ್ಲಿ ನಾನು. ಆ ಗಾಡಿ ಬಾಣಸಿಗರಿಗೆ ಮನೆಗೆ ಹೋಗುವ ದಾರಿ ಕೊಟ್ಟಿರುವುದರಿಂದಲೇ ಹೋಟೆಲು ಒಂದು ಗಂಟೆಯವರೆಗೆ ಒಲೆ ಉರಿಸಬಲ್ಲದು. ಊಟಕ್ಕೆ ಬಂದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಡಿಸಿದವರು ಮನೆಗೆ ಹೇಗೆ ಹೋಗುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಸಿಡ್ನಿಯ ಮೇಲೆ ಇದಕ್ಕಿಂತ ದೊಡ್ಡ ಏಟು ಬಿದ್ದದ್ದು 2014ರ ಫೆಬ್ರವರಿಯಲ್ಲಿ. ಕಿಂಗ್ಸ್ ಕ್ರಾಸ್‌ನಲ್ಲಿ ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರು ಯುವಕರು ಒಂದೊಂದೇ ಗುದ್ದಿಗೆ ಸತ್ತ ದುರಂತಗಳ ನಂತರ ಸರ್ಕಾರ ಲಾಕೌಟ್ ಕಾನೂನು ತಂದಿತು. ನಕ್ಷೆಯಲ್ಲಿ ಗೆರೆ ಎಳೆದು ಗುರುತಿಸಿದ ವಲಯದ ಹೆಚ್ಚಿನ ಬಾರುಗಳಿಗೆ ರಾತ್ರಿ ಒಂದೂವರೆಯ ಮೇಲೆ ಹೊಸಬರು ಒಳಬರುವಂತಿರಲಿಲ್ಲ, ಮೂರರ ಮೇಲೆ ಮದ್ಯ ಕೊಡುವಂತಿರಲಿಲ್ಲ. ತುರ್ತು ವಿಭಾಗದಲ್ಲಿ ಒಡೆದ ದವಡೆಗಳನ್ನು ಕಂಡವಳಾಗಿ ಆ ಕಾನೂನಿನ ಉದ್ದೇಶವನ್ನು ನಾನು ಹೀಗಳೆಯಲಾರೆ. ಆದರೆ ನಕ್ಷೆಯ ಗೆರೆ ಕ್ಯಾಸಿನೊವನ್ನು ಮಾತ್ರ ಹೊರಗೆ ಬಿಟ್ಟಿತ್ತು ಎಂಬುದನ್ನೂ ಮರೆಯಲಾರೆ. ನಗರಕೇಂದ್ರದಲ್ಲಿ ಆ ನಿಯಮ ಹೋದದ್ದು 2020ರ ಜನವರಿಯಲ್ಲಿ, ಎರಡು ತಿಂಗಳಿಗೆ ಕೋವಿಡ್ ಬಂತು. ಆರು ವರ್ಷ ಬೇಗ ಮನೆಗೆ ಹೋಗಿ ಅಭ್ಯಾಸವಾದ ಊರು ಒಂದೇ ದಿನದಲ್ಲಿ ಎದ್ದು ಕೂರುವುದಿಲ್ಲ.

ಗಲ್ಲಿಸುತ್ತ:
ರಾತ್ರಿಪಾಳಿ ಅವರು ಮೂಲಕ್ಕೆ ಕೈ ಹಾಕಿದ್ದಾರೆ. ಟ್ರಾಮಿನ ಬಗ್ಗೆ ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಟ್ರಾಮು ಇದ್ದ ಕಾಲದಲ್ಲೂ ಮೆಲ್ಬರ್ನ್‌ನ ಕೇಂದ್ರ ಸತ್ತಂತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ ಸಂಜೆ ಐದಕ್ಕೆ ಕಚೇರಿ ಮುಚ್ಚಿದರೆ ಅಲ್ಲಿ ಗಾಳಿ ಬಿಟ್ಟು ಬೇರೆ ಏನೂ ಓಡಾಡುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅಂದರೆ ಹಳಿಯೊಂದೇ ಸಾಲಲಿಲ್ಲ.

ಬದಲಾದದ್ದು ಎರಡು. ಮೊದಲನೆಯದು ಮದ್ಯದ ಪರವಾನಗಿ. 1986ರಲ್ಲಿ ನ್ಯೂವೆನ್‌ಹೈಸೆನ್ ಎಂಬ ಅರ್ಥಶಾಸ್ತ್ರಜ್ಞರು ಕೊಟ್ಟ ವರದಿಯ ಮೇಲೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಕಾನೂನು ಸಡಿಲಗೊಂಡಿತು. ದೊಡ್ಡ ಪಬ್ಬು ಕಟ್ಟಲು ಹಣವಿಲ್ಲದವನೂ ಗಲ್ಲಿಯ ಒಂದು ಹಳೆಯ ಗೋದಾಮಿನಲ್ಲಿ ನಾಲ್ಕು ಮೇಜು ಹಾಕಿ ಬಾಗಿಲು ತೆರೆಯಬಹುದಾಯಿತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಚಿಕ್ಕ ಬಾರುಗಳಿಗೆ ಇಂಥ ಅವಕಾಶ ಸಿಕ್ಕಿದ್ದು 2008ರಲ್ಲಿ, ಇಪ್ಪತ್ತು ವರ್ಷ ತಡವಾಗಿ. ಅಲ್ಲಿಯವರೆಗೆ ಸಿಡ್ನಿಯಲ್ಲಿ ಪರವಾನಗಿಯ ವೆಚ್ಚ ಭರಿಸಬಲ್ಲವರು ಜೂಜಿನ ಯಂತ್ರಗಳಿಂದ ಹಣ ಬರುವ ದೊಡ್ಡ ಹೋಟೆಲುಗಳವರು ಮಾತ್ರ.

ಎರಡನೆಯದು ವಾಸ. 1990ರ ಸುಮಾರಿಗೆ ಆಸ್ತಿ ಮಾರುಕಟ್ಟೆ ಕುಸಿದು ಹಳೆಯ ಕಚೇರಿ ಕಟ್ಟಡಗಳು ಖಾಲಿ ಬಿದ್ದಾಗ, 1992ರಲ್ಲಿ ನಗರಸಭೆ ‘ಪೋಸ್ಟ್‌ಕೋಡ್ 3000’ ಎಂಬ ಯೋಜನೆ ಹೂಡಿ ಅವನ್ನು ಮನೆಗಳಾಗಿ ಬದಲಿಸುವವರಿಗೆ ನೆರವಾಯಿತು. ಆಗ ಕೇಂದ್ರದಲ್ಲಿದ್ದದ್ದು ಕೆಲವೇ ನೂರು ಮನೆಗಳು, ಹತ್ತು ವರ್ಷದಲ್ಲಿ ಅವು ಸಾವಿರಗಳ ಲೆಕ್ಕಕ್ಕೆ ಏರಿದವು. ಡೆನ್ಮಾರ್ಕಿನ ನಗರವಿನ್ಯಾಸಕ ಯಾನ್ ಗೆಲ್ ಅವರು 1994ರಲ್ಲಿ ಮತ್ತು ಮತ್ತೆ 2004ರಲ್ಲಿ ಅಲ್ಲಿನ ಬೀದಿಗಳಲ್ಲಿ ನಡೆಯುವವರನ್ನೂ ಕುಳಿತವರನ್ನೂ ಎಣಿಸಿ, ಬದಲಾವಣೆಯನ್ನು ಅಂಕಿಗಳಲ್ಲಿ ಹಿಡಿದಿಟ್ಟರು. ಗಲ್ಲಿಯ ಮೇಲೆ ಮೂರನೆಯ ಮಹಡಿಯಲ್ಲಿ ಬಟ್ಟೆ ಒಣಗುತ್ತಿದ್ದರೆ ಕೆಳಗಿನ ಅಂಗಡಿ ಭಾನುವಾರವೂ ತೆರೆಯುತ್ತದೆ.

ಒಂದು ಮಾತು ಹಳಿಪ್ರಿಯರಿಗೆ: ಹೊರವಲಯದ ಬಸ್ಸಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದು ನಮ್ಮ ನಾಚಿಕೆ.

ಹಳಿಪ್ರಿಯ:
ಹಾಗಿದ್ದರೆ ನಾನೂ ಒಂದು ಮೆಟ್ಟಿಲು ಇಳಿಯುತ್ತೇನೆ. ಸಿಡ್ನಿಯ ಕೇಂದ್ರಕ್ಕೆ ರೈಲು ಮಾಡದ ಉಪಕಾರವನ್ನು ಮಾಡಿದ್ದು ಒಂದು ಟ್ರಾಮು.

ಜಾರ್ಜ್ ಸ್ಟ್ರೀಟನ್ನು ಹತ್ತು ವರ್ಷದ ಹಿಂದೆ ನೋಡಿದವರಿಗೆ ನೆನಪಿರಬೇಕು: ಬಂಪರಿಗೆ ಬಂಪರು ತಾಗಿಸಿ ನಿಂತ ಬಸ್ಸುಗಳ ನೀಲಿ ಗೋಡೆ, ಡೀಸೆಲ್ ಹೊಗೆ, ಎದುರುಬದುರಾಗಿ ಬಂದವರು ಭುಜ ತಾಗಿಸದೆ ದಾಟಲಾಗದ ಕಾಲುದಾರಿ. 2007ರಲ್ಲಿ ಅದೇ ಯಾನ್ ಗೆಲ್ ಅವರು ಸಿಡ್ನಿಗೂ ಒಂದು ವರದಿ ಕೊಟ್ಟು, ಈ ಬೀದಿಯನ್ನು ನಡೆಯುವವರಿಗೆ ಬಿಡಿ ಎಂದಿದ್ದರು. 2015ರಲ್ಲಿ ಟ್ರಾಮಿನ ಹಳಿಗಾಗಿ ಅಗೆಯಲು ತೊಡಗಿದರು. 1.6 ಶತಕೋಟಿ ಡಾಲರ್ ಎಂದು ಹೇಳಿದ್ದ ಯೋಜನೆ ಹೆಚ್ಚುಕಡಿಮೆ ಎರಡರಷ್ಟಾಯಿತು, ಬೇಲಿಗಳ ಹಿಂದೆ ವರ್ಷಗಟ್ಟಲೆ ಮರೆಯಾದ ಅಂಗಡಿಗಳವರು ನ್ಯಾಯಾಲಯಕ್ಕೆ ಹೋದರು. ಅಷ್ಟೆಲ್ಲ ಆಗಿ 2019ರ ಡಿಸೆಂಬರ್ 14ರಂದು ಗಾಡಿ ಓಡಿದಾಗ, ಅದು ವೇಗವಾಗಿಲ್ಲವೆಂದು ಪತ್ರಿಕೆಗಳು ಆಡಿಕೊಂಡವು. ರೈಲಿನ ಅಭಿಮಾನಿಯಾದ ನಾನೂ ಆಡಿಕೊಂಡವನೇ.

ಈಗ ಹೋಗಿ ನೋಡಿ. ಟೌನ್ ಹಾಲ್‌ನಿಂದ ಸರ್ಕ್ಯುಲರ್ ಕೀಯ ಕಡೆಗೆ ಮೇಲೆ ತಂತಿಯೂ ಇಲ್ಲ, ವಿದ್ಯುತ್ತು ನೆಲದಲ್ಲಿ ಹುದುಗಿಸಿದ ಹಳಿಯಿಂದಲೇ ಬರುತ್ತದೆ, ಆದ್ದರಿಂದ ಕ್ವೀನ್ ವಿಕ್ಟೋರಿಯಾ ಬಿಲ್ಡಿಂಗ್‌ನ ಗುಮ್ಮಟದ ಮೇಲೆ ಬರೀ ಆಕಾಶ ಕಾಣುತ್ತದೆ. ಗಾಡಿ ಬರುವಾಗ ಗಂಟೆಯ ಸದ್ದಾಗುತ್ತದೆ, ಜನ ಸಾವಕಾಶವಾಗಿ ಸರಿಯುತ್ತಾರೆ, ಹೋದ ಮೇಲೆ ಮತ್ತೆ ಹಳಿಯ ಮೇಲೆ ಹರಡಿಕೊಳ್ಳುತ್ತಾರೆ. ಸಂಜೆ ಏಳರ ಮೇಲೂ ಬೆಂಚುಗಳು ಖಾಲಿ ಇರುವುದಿಲ್ಲ. ಪಿಟ್ ಸ್ಟ್ರೀಟಿನ ಉತ್ತರದ ತುದಿಯನ್ನು ನೋಡಿ ಇಡೀ ಸಿಡ್ನಿಗೆ ತೀರ್ಪು ಕೊಟ್ಟ ಎರಡೂರಿನವಳು ಅವರು ಒಂದು ಬೀದಿ ಆಚೆಗೆ ನಡೆದಿದ್ದರೆ, ದಕ್ಷಿಣಕ್ಕೆ ಹೇಮಾರ್ಕೆಟ್‌ವರೆಗೆ ಹೋಗಿದ್ದರೆ, ಇಷ್ಟು ಬೇಸರ ಪಡುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಮೆಲ್ಬರ್ನ್‌ನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಡ್ನಿಯ ಸಂಜೆ ಒಂದೇ ಕಡೆ ಇಲ್ಲ. ನ್ಯೂಟೌನ್, ಸರಿ ಹಿಲ್ಸ್, ಪ್ಯಾರಮ್ಯಾಟಾ, ಕಡಲತೀರಗಳು, ಹೀಗೆ ಹಂಚಿಹೋಗಿದೆ. ಸರ್ಕ್ಯುಲರ್ ಕೀಯ ತಲೆಯ ಮೇಲೆ 1958ರಲ್ಲಿ ಕೇಹಿಲ್ ಎಕ್ಸ್‌ಪ್ರೆಸ್‌ವೇ ಎಂಬ ಮೇಲ್ರಸ್ತೆಯನ್ನು ಕಟ್ಟಿ ಊರನ್ನು ಅದರ ನೀರಿನಿಂದಲೇ ಬೇರ್ಪಡಿಸಿದವರನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಅಷ್ಟು ಸುಂದರ ಬಂದರು ಪಕ್ಕದಲ್ಲಿದ್ದರೆ ಜನ ಗಲ್ಲಿಯಲ್ಲಿ ಯಾಕೆ ಕೂರುತ್ತಾರೆ?

ಶಾಲ್ಮಲೆ:
ನನ್ನ ತಾಯಿ ಗಾಲಿಕುರ್ಚಿಯಲ್ಲಿದ್ದಾರೆ. ನಾವು ಮೆಲ್ಬರ್ನ್‌ನಲ್ಲಿದ್ದೇವೆ, ತಮ್ಮ ಸಿಡ್ನಿಯಲ್ಲಿದ್ದಾನೆ, ವರ್ಷಕ್ಕೆರಡು ಸಲ ಅಲ್ಲಿಗೆ ಹೋಗಿ ಬರುತ್ತೇವೆ. ಇಲ್ಲಿಯವರೆಗಿನ ಚರ್ಚೆಯಲ್ಲಿ ಎಲ್ಲರೂ ಕಾಲಿದ್ದವರ ಪೇಟೆಯನ್ನೇ ವರ್ಣಿಸುತ್ತಿದ್ದೀರಿ.

ಜಗತ್ತಿನ ಅತಿ ದೊಡ್ಡ ಟ್ರಾಮು ಜಾಲ ಎಂದು ಗಲ್ಲಿಸುತ್ತ ಅವರು ಹೆಮ್ಮೆಪಟ್ಟರು. ವಿಕ್ಟೋರಿಯಾದ ಆಡಿಟರ್ ಜನರಲ್ 2020ರಲ್ಲಿ ಕೊಟ್ಟ ವರದಿಯ ಪ್ರಕಾರ, 2018–19ರಲ್ಲಿ ಮಟ್ಟಸ ನಿಲ್ದಾಣಕ್ಕೆ ತಗ್ಗಿನ ನೆಲದ ಟ್ರಾಮು ಬಂದು ನಿಂತದ್ದು ನೂರಕ್ಕೆ ಹದಿನೈದು ಸೇವೆಗಳಲ್ಲಿ ಮಾತ್ರ. ಉಳಿದ ಎಂಬತ್ತೈದರಲ್ಲಿ ಒಂದೋ ಗಾಡಿಗೆ ಮೂರು ಕಡಿದಾದ ಮೆಟ್ಟಿಲು, ಇಲ್ಲವೇ ನಿಲ್ದಾಣವೆಂದರೆ ರಸ್ತೆಯ ಅಂಚಿನಲ್ಲಿ ನೆಟ್ಟ ಒಂದು ಕಂಬ. ನಮ್ಮ ಮನೆಯ ಹತ್ತಿರದ ಮಾರ್ಗದಲ್ಲಿ ಹೊಸ ಗಾಡಿ ಓಡುತ್ತದೆ, ನಿಲ್ದಾಣ ಹಳೆಯದು. ಗಾಡಿಯ ಬಾಗಿಲು ತೆರೆಯುತ್ತದೆ, ನಾವು ರಸ್ತೆಯಿಂದ ಅದನ್ನು ನೋಡುತ್ತೇವೆ, ಮುಚ್ಚುತ್ತದೆ. ಗಲ್ಲಿಗಳ ಸೊಬಗಿನ ಬಗ್ಗೆ ಹೇಳುವುದಾದರೆ, ಆ ಹೆಸರಾಂತ ಬ್ಲೂಸ್ಟೋನ್ ಕಲ್ಲುಗಳ ಮೇಲೆ ಕುರ್ಚಿಯನ್ನು ಹತ್ತು ಮೀಟರ್ ತಳ್ಳಿದರೆ ಅಮ್ಮ ಹಲ್ಲು ಕಚ್ಚಿಕೊಳ್ಳುತ್ತಾರೆ.

ಸಿಡ್ನಿಯ ಮೆಟ್ರೊದಲ್ಲಿ ಯಾರ ಸಹಾಯವನ್ನೂ ಕೇಳದೆ ಅವರು ತಾವಾಗಿ ಹತ್ತಿದರು. ಪ್ಲಾಟ್‌ಫಾರ್ಮೂ ಗಾಡಿಯ ನೆಲವೂ ಒಂದೇ ಮಟ್ಟ, ನಡುವೆ ಬೆರಳಗಲದ ಸಂದು. ಎಂಟು ವರ್ಷದಲ್ಲಿ ಮೊದಲ ಸಲ, ಗಾಡಿ ಹತ್ತಿದ ಮೇಲೆ ಅವರು ಹಿಂತಿರುಗಿ ನನ್ನನ್ನು ಹುಡುಕಿದರು, ಹತ್ತಿದೆಯಾ ಎಂದು ಕೇಳಲು.

ಲೆಕ್ಕದವನು:
ಶಾಲ್ಮಲೆ ಅವರು ಹೇಳಿದ್ದರ ಮುಂದೆ ನನ್ನ ಅಂಕಿಗಳು ಸಪ್ಪೆ. ಆದರೂ ಮೆಲ್ಬರ್ನ್ ನಿಂತಲ್ಲೇ ನಿಂತಿಲ್ಲ ಎಂದು ಸೇರಿಸಬೇಕು. 2025ರ ನವೆಂಬರ್ 30ರಂದು ತೆರೆದ ಮೆಟ್ರೊ ಟನೆಲ್‌ನ ಐದು ನಿಲ್ದಾಣಗಳಲ್ಲೂ ಗಾಡಿಗೆ ನೇರವಾಗಿ ಸಾಗಬಹುದು, ಪ್ಲಾಟ್‌ಫಾರ್ಮಿಗೆ ಗಾಜಿನ ಬಾಗಿಲುಗಳಿವೆ. ಪಾರ್ಕ್‌ವಿಲ್‌ನಲ್ಲಿ ಆಸ್ಪತ್ರೆಗಳೂ ವಿಶ್ವವಿದ್ಯಾಲಯವೂ ಇರುವ ಕಡೆಗೆ ಇದೇ ಮೊದಲ ಸಲ ರೈಲು ಬಂದಿದೆ. ರಾತ್ರಿಪಾಳಿ ಅವರಂಥವರಿಗೆ ಅದರ ಬೆಲೆ ಹೆಚ್ಚು ಗೊತ್ತು.

ನಗರಕೇಂದ್ರದ ಟ್ರಾಮು 2015ರಿಂದ ಪುಕ್ಕಟೆಯಾಗಿರುವುದನ್ನು ಯಾರೂ ಹೊಗಳದಿರುವುದು ಒಳ್ಳೆಯದೇ ಆಯಿತು. ಎರಡು ನಿಲ್ದಾಣ ನಡೆಯಬಹುದಾದವರು ಸಂಜೆ ಐದಕ್ಕೆ ಟ್ರಾಮಿಗೆ ನುಗ್ಗಿ, ದೂರ ಹೋಗಬೇಕಾದವರು ಹೊರಗೆ ನಿಲ್ಲುವಂತಾಗಿದೆ. ಪೇಟೆಯಲ್ಲಿ ನಡೆಯುವವರನ್ನು ಗಾಡಿಗೆ ಹತ್ತಿಸುವುದು ಪೇಟೆಗೆ ಉಪಕಾರವಲ್ಲ.

ಊರಿನ ಗಾತ್ರದ ಬಗ್ಗೆ ಯಾರಾದರೂ ಮಾತೆತ್ತುವ ಮುನ್ನ: 2023ರಲ್ಲಿ ಮೆಲ್ಬರ್ನ್ ಸಿಡ್ನಿಯನ್ನು ಹಿಂದಿಕ್ಕಿತು ಎಂಬ ಸುದ್ದಿ ಬಂದದ್ದು ಮೆಲ್ಟನ್ ಎಂಬ ಹೊರ ಊರನ್ನು ಅಂಕಿಅಂಶ ಇಲಾಖೆ ಒಂದು ಬಗೆಯ ಗಡಿಯೊಳಗೆ ಸೇರಿಸಿಕೊಂಡಿದ್ದರಿಂದ. ಇನ್ನೊಂದು ಬಗೆಯ ಗಡಿಯ ಪ್ರಕಾರ ಆಗಲೂ ಸಿಡ್ನಿಯೇ ದೊಡ್ಡದಾಗಿತ್ತು. ಗೆರೆ ಎಲ್ಲಿ ಎಳೆದರೆ ಯಾರು ಗೆಲ್ಲುತ್ತಾರೆ ಎಂಬುದು ಕ್ಯಾಸಿನೊದವರಿಗೆ ಮಾತ್ರ ತಿಳಿದ ವಿದ್ಯೆಯಲ್ಲ.

ಎರಡೂರಿನವಳು:
ಎಲ್ಲರಿಗೂ ಕೃತಜ್ಞತೆಗಳು. ಹಳಿಪ್ರಿಯರ ಮಾತಿಗೆ ಬೆಲೆ ಕೊಟ್ಟು ನಿನ್ನೆ, ಅದೂ ಮಂಗಳವಾರವೇ, ರಾತ್ರಿ ಒಂಬತ್ತರ ನಂತರ ಜಾರ್ಜ್ ಸ್ಟ್ರೀಟಿನಲ್ಲಿ ನಡೆದೆ. ಅವರು ಹೇಳಿದ್ದು ಅರ್ಧ ಸರಿ. ಟೌನ್ ಹಾಲ್‌ನಿಂದ ದಕ್ಷಿಣಕ್ಕೆ, ಹೇಮಾರ್ಕೆಟ್‌ನ ಕಡೆಗೆ, ವಿದ್ಯಾರ್ಥಿಗಳು ನೂಡಲ್ಸ್ ಅಂಗಡಿಗಳ ಮುಂದೆ ಸಾಲು ನಿಂತಿದ್ದರು, ಮೇಲಿನ ಮಹಡಿಗಳ ಕಿಟಕಿಗಳಲ್ಲಿ ದೀಪವಿತ್ತು. ಟೌನ್ ಹಾಲ್‌ನಿಂದ ಉತ್ತರಕ್ಕೆ ತಿರುಗಿದರೆ ಅದೇ ಹಳಿ, ಅದೇ ಬೆಂಚು, ಅದೇ ನಾಲ್ಕಾರು ನಿಮಿಷಕ್ಕೊಂದು ಗಾಡಿ. ಆದರೆ ವಿನ್ಯಾರ್ಡ್ ದಾಟುವ ಹೊತ್ತಿಗೆ ಬೀದಿಯಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸುತ್ತಿತ್ತು. ಒಂದೇ ಬೀದಿಯ ಎರಡು ತುದಿಗಳು, ಒಂದೇ ಟ್ರಾಮು. ದಕ್ಷಿಣದಲ್ಲಿ ಜನ ವಾಸವಿದ್ದಾರೆ, ಉತ್ತರದಲ್ಲಿ ಕಚೇರಿಗಳಿವೆ. ಗಲ್ಲಿಸುತ್ತ ಅವರು ಮೆಲ್ಬರ್ನ್‌ನ ಮೂರನೆಯ ಮಹಡಿಯ ಬಟ್ಟೆಯ ಬಗ್ಗೆ ಬರೆದದ್ದು ಅಲ್ಲಿ ನೆನಪಾಯಿತು.

ಶಾಲ್ಮಲೆ ಅವರಲ್ಲಿ ಒಂದು ಪ್ರಶ್ನೆ. ಮೆಟ್ರೊದಿಂದ ಇಳಿದ ಮೇಲೆ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋದಿರಿ?

ಗಲ್ಲಿಸುತ್ತ:
ಜಾರ್ಜ್ ಸ್ಟ್ರೀಟಿನ ಈ ಹೋಲಿಕೆಯನ್ನು ನಾನು ಮುಂದಿನ ವಾದಗಳಲ್ಲಿ ಬಳಸಿಕೊಳ್ಳುತ್ತೇನೆ, ಅನುಮತಿ ಕೇಳುವುದಿಲ್ಲ. ಬ್ಲೂಸ್ಟೋನ್ ಬಗ್ಗೆ ಶಾಲ್ಮಲೆ ಅವರಿಗೆ ಉತ್ತರ ಕೊಡಲು ನಾಲ್ಕು ಸಲ ಬರೆದು ಅಳಿಸಿದೆ.

ಶಾಲ್ಮಲೆ:
ಮಾರ್ಟಿನ್ ಪ್ಲೇಸ್‌ನಲ್ಲಿ ಲಿಫ್ಟಿನಿಂದ ಮೇಲೆ ಬಂದಾಗ ಭಾನುವಾರದ ಸಂಜೆ ಆರು ಗಂಟೆ. ಹತ್ತಿರದಲ್ಲಿ ತೆರೆದಿದ್ದ ಅಂಗಡಿಯೊಂದೂ ಕಾಣಲಿಲ್ಲ, ಆದ್ದರಿಂದ ಜಾರ್ಜ್ ಸ್ಟ್ರೀಟಿಗೆ ಇಳಿದು ಲೈಟ್ ರೈಲು ಹತ್ತಿ ಹೇಮಾರ್ಕೆಟ್‌ಗೆ ಹೋದೆವು. ಅದರಲ್ಲೂ ಮೆಟ್ಟಿಲಿರಲಿಲ್ಲ. ಅಮ್ಮ ನೂಡಲ್ಸ್ ಮುಟ್ಟಲಿಲ್ಲ, ಚಹಾ ಕುಡಿದು, ಹೋಗಿಬರುವ ಗಾಡಿಗಳನ್ನು ಎಣಿಸುತ್ತಾ ಕುಳಿತರು. ಹನ್ನೊಂದರವರೆಗೆ ಎಣಿಸಿದ ಮೇಲೆ, ಇನ್ನೊಂದು ಬಂದರೆ ಅದರಲ್ಲಿ ವಾಪಸು ಹೋಗೋಣ ಎಂದರು. ಅದು ಬಂತು, ಅವರು ಏಳಲಿಲ್ಲ.